ಬೀಜ, ಕ್ಷೇತ್ರ, ಸಮ್ಮತಿ: ಸಂತಾನಚಿಕಿತ್ಸೆಯಲ್ಲಿ ವೈದ್ಯವಂಚನೆಯ ವಿಚಾರ

ಮಲ್ಪೆ, ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ವಿವಾಹದ ಮಾತು ಬಂದಾಗ ಹಿರಿಯರು ಮೊದಲು ವಿಚಾರಿಸುವ ಸಂಗತಿಗಳಲ್ಲಿ ವಧೂವರರ ‘ಬರಿ’ಯೂ ಒಂದು. ಕನ್ನಡದಲ್ಲಿ ಬಳಿ ಎನಿಸುವ ಇದು ಮೊಗವೀರ, ಬಂಟ, ಬಿಲ್ಲವ ಮೊದಲಾದ ಅಳಿಯಸಂತಾನದ ಸಮುದಾಯಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರತಕ್ಕುದು. ಒಂದೇ ಬರಿಯವರೊಳಗೆ ವಿವಾಹವು ನಿಷಿದ್ಧ. ತಂದೆಯ ಗೋತ್ರವನ್ನು ಅನುಸರಿಸುವ ಮನೆತನಗಳೂ ಅದೇ ನೆಲದಲ್ಲಿ ಉಂಟು. ಎರಡು ಕ್ರಮಗಳಿಗೂ ಆಧಾರವೊಂದೇ: ಮಗುವಿನ ಹುಟ್ಟಿನ ವಿಷಯದಲ್ಲಿ ಆಡಿದ ಮಾತು ಸತ್ಯವಾಗಿರಬೇಕು. ಆ ಮಾತನ್ನು ವೈದ್ಯನೇ ಸುಳ್ಳುಮಾಡಿದರೆ ಶಾಸನವು ಏನು ಹೇಳುವುದೆಂಬುದು ಇಲ್ಲಿ ವಿಚಾರಣೀಯ.

ಪ್ರಾಚೀನ ಧರ್ಮಶಾಸ್ತ್ರವು ವೈದ್ಯನ ಅಪರಾಧವನ್ನು ಬಲ್ಲುದು. ಮಿಥ್ಯಾಚಾರಿಯಾದ ವೈದ್ಯನಿಗೆ ಮನುವೂ ಯಾಜ್ಞವಲ್ಕ್ಯನೂ ದಂಡವನ್ನು ವಿಧಿಸುತ್ತಾರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಮಿಥ್ಯೆಯನ್ನು ಬಿಡಿಸಿ, ಆಯುರ್ವೇದವನ್ನರಿಯದೆ ಜೀವನಾರ್ಥವಾಗಿ ಬಲ್ಲೆನೆಂದು ನಡೆದುಕೊಳ್ಳುವವನೇ ಮಿಥ್ಯಾಚಾರಿಯೆಂದು ಅರ್ಥಮಾಡುತ್ತಾನೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಕೌಟಿಲೀಯ ಅರ್ಥಶಾಸ್ತ್ರವು, ಪ್ರಾಣಾಪಾಯವುಳ್ಳ ಚಿಕಿತ್ಸೆಯನ್ನು ತಿಳಿಸದೆ ಆರಂಭಿಸಿ ರೋಗಿಯು ಸತ್ತಲ್ಲಿ ಪ್ರಥಮ ಸಾಹಸದಂಡವನ್ನೂ, ಕರ್ಮದೋಷದಿಂದ ಸತ್ತಲ್ಲಿ ಮಧ್ಯಮದಂಡವನ್ನೂ ಹೇಳುತ್ತದೆ. ಅಜ್ಞಾನ, ಮೌನ, ಕೈದೋಷ ಈ ಮೂರೂ ಇಲ್ಲಿ ಅಡಕವಾಗಿವೆ. ಆದರೆ ಸಂತಾನಚಿಕಿತ್ಸೆಯ ವಂಚಕನು ಅಜ್ಞಾನಿಯಲ್ಲ, ರೋಗಿಯೂ ಸಾಯುವುದಿಲ್ಲ. ಮಗು ಆರೋಗ್ಯವಾಗಿಯೇ ಹುಟ್ಟಬಹುದು. ಹಾಗಾದರೆ ನಷ್ಟವಾದುದು ಯಾವುದು?

ಉತ್ತರವನ್ನು ಮನುವಿನ ಒಂಬತ್ತನೆಯ ಅಧ್ಯಾಯದ ಬೀಜಕ್ಷೇತ್ರವಿಚಾರದಲ್ಲಿ ಅರಸಬಹುದು. ಪರಸ್ಪರ ಒಪ್ಪಂದವಿಲ್ಲದೆ ಬಿತ್ತಿದ ಬೀಜದ ಫಲವು ಕ್ಷೇತ್ರದವನದು. ಒಪ್ಪಂದವಿದ್ದಲ್ಲಿ ಇಬ್ಬರದೂ ಎಂಬುದು ಅಲ್ಲಿಯ ನಿರ್ಣಯ. ನಿಯೋಗವಿಲ್ಲದೆ ಹುಟ್ಟಿದ ಮಗನಿಗೆ ದಾಯವಿಲ್ಲವೆಂದೂ ಹೇಳಿದೆ. ಸ್ತ್ರೀಯನ್ನು ಹೊಲಕ್ಕೆ ಹೋಲಿಸಿದ ಆ ದೃಷ್ಟಿಯೂ, ತಪ್ಪಿಲ್ಲದ ಮಗುವಿಗೆ ದಾಯವನ್ನು ತಪ್ಪಿಸಿದ ಆ ನಿಯಮವೂ ಇಂದು ಗ್ರಾಹ್ಯವಲ್ಲ. ಆದರೂ ಸಂತಾನದ ಸ್ಥಾನವನ್ನು ಬೀಜಮಾತ್ರವಲ್ಲ, ಮುಂಚಿತವಾದ ಒಪ್ಪಿಗೆಯೂ ನಿರ್ಣಯಿಸುವುದೆಂಬ ತತ್ತ್ವವು ಗಮನಾರ್ಹ.

ಭಾರತದಲ್ಲಿ 2022ನೆಯ ಜನವರಿ 25ರಂದು ಜಾರಿಗೆ ಬಂದ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021 ಇದೇ ತತ್ತ್ವದ ಮೇಲೆ ನಿಂತಿದೆ. ಸಂಬಂಧಪಟ್ಟವರೆಲ್ಲರ ಲಿಖಿತ ಸಮ್ಮತಿಯಿಲ್ಲದೆ ಚಿಕಿತ್ಸೆ ಕೂಡದು. ಇಬ್ಬರು ಪುರುಷರ ವೀರ್ಯವನ್ನು ಬೆರಸಕೂಡದು. ಒಬ್ಬ ದಾನಿಯ ಬೀಜವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಬ್ಯಾಂಕು ಕೊಡಕೂಡದು. ಹೀಗೆ ಹುಟ್ಟಿದ ಮಗು ಚಿಕಿತ್ಸೆ ಬಯಸಿದ ದಂಪತಿಗಳದೇ ಮಗುವೆಂದು ಎಣಿಸಲ್ಪಡುವುದು, ದಾನಿಗೆ ಹಕ್ಕಿಲ್ಲ. ದಂಪತಿಗಳನ್ನಾಗಲಿ ದಾನಿಯನ್ನಾಗಲಿ ಶೋಷಿಸುವವನಿಗೆ ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ. ಮರುಕಳಿಸಿದರೆ 3ರಿಂದ 8 ವರ್ಷ ಸೆರೆವಾಸ, ಅದರೊಡನೆ 10ರಿಂದ 20 ಲಕ್ಷ ದಂಡ. ಆದರೆ ವೈದ್ಯನು ತನ್ನ ಬೀಜವನ್ನೇ ಗುಟ್ಟಾಗಿ ಬಳಸುವುದನ್ನು ಈ ಶಾಸನವು ಪ್ರತ್ಯೇಕ ಹೆಸರಿಟ್ಟು ಅಪರಾಧವೆಂದು ಹೇಳಿಲ್ಲ.

ಹೆಸರಿಡದಿರುವುದರ ಫಲವೇನೆಂಬುದಕ್ಕೆ ಅಮೆರಿಕದ ಇಂಡಿಯಾನಾ ಪ್ರಾಂತವು ನಿದರ್ಶನ. ಅಲ್ಲಿ ಒಬ್ಬ ವೈದ್ಯನು ತನ್ನ ವೀರ್ಯವನ್ನೇ ಬಳಸಿದ್ದನೆಂಬುದು ದಶಕಗಳ ನಂತರ ವಂಶವಾಹಿ ಪರೀಕ್ಷೆಯಿಂದ ಬಯಲಾಯಿತು. ತಕ್ಕ ಶಾಸನವಿಲ್ಲದ್ದರಿಂದ 2017ರಲ್ಲಿ ಅವನು ತಪ್ಪೊಪ್ಪಿದುದು ತನಿಖೆಗೆ ಅಡ್ಡಿಮಾಡಿದ ಅಪರಾಧಕ್ಕೆ ಮಾತ್ರ. ಪ್ರತ್ಯೇಕ ಶಾಸನವು 2019ರಲ್ಲಿ ಹುಟ್ಟಿತು. ದೆಹಲಿಯಲ್ಲಿ 2009ರಲ್ಲಿ ಹುಟ್ಟಿದ ಅವಳಿ ಮಕ್ಕಳ ವಿಷಯದಲ್ಲಿ ಅನ್ಯರ ವೀರ್ಯ ಬಳಕೆಯಾದ ಪ್ರಮಾದವು ಮಗುವಿನ ರಕ್ತವರ್ಗದಿಂದ ಶಂಕೆಗೆ ಬಂದಿತು. ರಾಷ್ಟ್ರೀಯ ಗ್ರಾಹಕ ಆಯೋಗವು 2023ರಲ್ಲಿ 1.5 ಕೋಟಿ ರೂಪಾಯಿಗಳನ್ನು ಕೊಡಿಸಿತು. ಅದು ಪರಿಹಾರವೇ ಹೊರತು ದಂಡನೆಯಲ್ಲ.

ಇನ್ನು ಬರಿಯ ಪ್ರಶ್ನೆ. ಅಳಿಯಸಂತಾನದ ದಾಯಕ್ರಮವನ್ನು 1949ರ ಮದರಾಸು ಶಾಸನವು ವ್ಯವಸ್ಥೆಗೊಳಿಸಿತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ಮಾರ್ಪಡಿಸಿತು. ಬರಿಯಾದರೋ ವಿವಾಹದಲ್ಲಿ ಉಳಿದುಕೊಂಡಿದೆ. ಅನ್ಯಸ್ತ್ರೀಯ ಅಂಡದಿಂದ ಗರ್ಭವಾದಲ್ಲಿ ಮಗುವಿನ ಬರಿ ಯಾರದು? ಶಾಸನವು ಬರಿಯ ಮಾತನ್ನೆತ್ತುವುದಿಲ್ಲ. ಮಗು ದಂಪತಿಗಳದೆಂದಮೇಲೆ ತಾಯಿಯ ಬರಿಯೇ ಮಗುವಿನದೆಂದು ಮನೆಯವರು ತಿಳಿದುಕೊಂಡರೆ ಆಕ್ಷೇಪವಿಲ್ಲ. ಆದರೆ ಈ ಸಮಾಧಾನಕ್ಕೆ ಆ ತಾಯಿಯು ತಿಳಿದು ಒಪ್ಪಿರುವುದೇ ಬುನಾದಿ. ವೈದ್ಯನು ಗುಟ್ಟಾಗಿ ಬೀಜವನ್ನು ಬದಲಿಸಿದಾಗ ಕೆಡುವುದು ಈ ಬುನಾದಿ. ಒಬ್ಬನದೇ ಬೀಜದಿಂದ ಹುಟ್ಟಿದವರು ಅರಿಯದೆ ವಿವಾಹವಾಗುವ ಅಪಾಯವೂ ಆಗ ತಲೆದೋರುವುದು. ಬರಿಯಾಗಲಿ ಗೋತ್ರವಾಗಲಿ ಅದನ್ನು ತಡೆಯಲಾರದು.

ಆದುದರಿಂದ ಈ ಅಪರಾಧವನ್ನು ಬೀಜಸಂಕರವೆಂದು ಕರೆಯುವುದು ಯುಕ್ತವಲ್ಲ. ಹಾಗೆ ಕರೆದರೆ ಕಳಂಕವು ಮಗುವಿಗೆ ತಗಲುತ್ತದೆ. ಇದು ಸಮ್ಮತಿಯ ಅಪಹರಣ. ದಂಡವು ವಂಚಿಸಿದ ವೈದ್ಯನಿಗೆ ಸಲ್ಲತಕ್ಕುದು. ಮಗುವಿನ ಸ್ಥಾನವು ಅಚಲವಾಗಿ ಉಳಿಯತಕ್ಕುದು. ಇವೆರಡನ್ನೂ ಬೇರೆಬೇರೆಯಾಗಿ ಸ್ಪಷ್ಟಪಡಿಸಿ ಹೇಳುವ ಶಾಸನವೇ ಪೂರ್ಣವೆನಿಸುವುದು.