ತಿಳಿದವರು ಬರೆದಿಟ್ಟರೆ ಯಂತ್ರಕ್ಕೂ ದಾರಿ

ಕಾಂದಿವಲಿ: 2016ರಲ್ಲಿ ಯುಪಿಐ ಬಂದ ಮೇಲೆ ಠಾಕೂರ್ ವಿಲೇಜಿನ ತರಕಾರಿ ಗಾಡಿಯಿಂದ ಹಿಡಿದು ನಮ್ಮವರ ಹೊಟೇಲಿನ ಗಲ್ಲಾದವರೆಗೆ ಎಲ್ಲೆಡೆ ಮೊಬೈಲಿನಲ್ಲೇ ಲೇವಾದೇವಿ. ಅನುಕೂಲವೇನೋ ಹೌದು. ಆದರೆ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಂಡರೆ ಏನು ಮಾಡುವುದು? ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನ್ನಂತಹ ಗುಮಾಸ್ತನಿಗೆ ಹಿರಿಯರು ಫೋನ್ ಚಾಚಿ, "ಮಾರಾಯ್ರೆ, ಇದೊಂದು ಸ್ವಲ್ಪ ನೋಡಿ" ಎನ್ನುತ್ತಾರೆ. ನಾನು ನೋಡಿದರೂ ಕಾಣುವುದು ಅವರಿಗೆ ಕಂಡಷ್ಟೇ.

ಒಳಗೆ ಏನು ಕೆಟ್ಟಿದೆ ಎಂದು ಹುಡುಕಲು ಆ್ಯಪ್ ತಯಾರಿಸುವವರ ಬಳಿ ಬೇರೆಯೇ ಸಲಕರಣೆಗಳಿವೆ. ಇವಕ್ಕೆ ಡಿಬಗ್ಗಿಂಗ್ ಸಲಕರಣೆಗಳೆಂದು ಹೆಸರು. ನಮ್ಮ ಬಿಲ್ಡಿಂಗಿನ ಯುವಕನೊಬ್ಬ ಈ ಕ್ಷೇತ್ರದಲ್ಲಿದ್ದಾನೆ. ಕಳೆದ ರವಿವಾರ ಅವರ ಮನೆಗೆ ಹೋದಾಗ ಅವನು ಏನನ್ನೋ ಟೈಪ್ ಮಾಡುತ್ತಿದ್ದ. "ಅಂಕಲ್, ಈ ಸಲಕರಣೆಗಳನ್ನು ಬಳಸುವುದು ಹೇಗೆಂದು ಬರೆಯುತ್ತಿದ್ದೇನೆ. ಓದುವುದು ಮನುಷ್ಯರಲ್ಲ, ಎಐ ಏಜೆಂಟ್" ಎಂದ. ಎಐ ಏಜೆಂಟ್ ಎಂದರೆ ಬರಿದೇ ಪ್ರಶ್ನೆಗೆ ಉತ್ತರ ಹೇಳುವ ತಂತ್ರಾಂಶವಲ್ಲ. ಕಂಪ್ಯೂಟರಿನಲ್ಲಿ ತಾನೇ ಆಜ್ಞೆ ಕೊಟ್ಟು, ಬಂದ ಫಲಿತಾಂಶ ಓದಿ, ಮುಂದಿನ ಹೆಜ್ಜೆ ಇಡುವಂಥದ್ದು.

ಫೋನಿನ ಡೇ ಬುಕ್

ಆಂಡ್ರಾಯ್ಡ್ ಫೋನುಗಳಿಗೆ ಎಡಿಬಿ, ಅಂದರೆ ಆಂಡ್ರಾಯ್ಡ್ ಡಿಬಗ್ ಬ್ರಿಡ್ಜ್ ಎಂಬ ಸಲಕರಣೆಯಿದೆ. ಐಫೋನಿಗೆ ಆಪಲ್ ಕಂಪನಿಯ ಎಕ್ಸ್‌ಕೋಡ್ ಇದೆ. ಎಡಿಬಿಯಲ್ಲಿ ಫೋನನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ ಆಜ್ಞೆ ಕೊಡಬಹುದು. ಅದರಲ್ಲಿ 'ಲಾಗ್‌ಕ್ಯಾಟ್' ಎಂಬ ಆಜ್ಞೆ ನಮ್ಮ ಬ್ಯಾಂಕಿನ ಡೇ ಬುಕ್ ತೆರೆದಂತೆ. ಯಾವ ಹೊತ್ತಿಗೆ ಯಾವ ಆ್ಯಪ್ ಎಲ್ಲಿ ಮುಗ್ಗರಿಸಿತು ಎಂಬುದು ಸಾಲುಸಾಲಾಗಿ ಸಿಗುತ್ತದೆ.

ತೊಡಕು ಇರುವುದು ಇಲ್ಲೇ. ಲಾಗ್‌ಕ್ಯಾಟ್ ತಾನಾಗಿ ನಿಲ್ಲುವುದಿಲ್ಲ; ಹೊಸ ಸಾಲುಗಳು ಬರುತ್ತಲೇ ಇರುತ್ತವೆ. ಮನುಷ್ಯನಾದರೆ ಸಾಕೆನಿಸಿದಾಗ ಕೀಲಿ ಒತ್ತಿ ನಿಲ್ಲಿಸುತ್ತಾನೆ. ಏಜೆಂಟ್ ಮಾತ್ರ ಅದು ಮುಗಿಯಲಿ ಎಂದು ಕಾಯುತ್ತಾ ಕೂರಬಹುದು. ಆಜ್ಞೆಯ ಕೊನೆಗೆ ಒಂದು ಅಡ್ಡಗೆರೆ ಮತ್ತು 'ಡಿ' ಅಕ್ಷರ ಸೇರಿಸಿದರೆ ಇದ್ದಷ್ಟನ್ನು ತೋರಿಸಿ ಮುಗಿಸುತ್ತದೆ. ಈ ಒಂದು ಸಾಲನ್ನು ಬರೆದಿಟ್ಟರೆ ಯಂತ್ರದ ಅರ್ಧ ಗೊಂದಲ ಕಳೆಯುತ್ತದೆ. ಎರಡು ಫೋನುಗಳು ಜೋಡಿಸಿದ್ದರೆ ಯಾವುದಕ್ಕೆ ಆಜ್ಞೆ ಎಂದು ಕ್ರಮಸಂಖ್ಯೆ ಹೇಳಬೇಕು, ಇಲ್ಲವಾದರೆ ಎಡಿಬಿ ತಪ್ಪು ತೋರಿಸಿ ನಿಲ್ಲುತ್ತದೆ. ಪರದೆಯ ಮೇಲೆ ಯಾವ ಗುಂಡಿ ಎಲ್ಲಿದೆ ಎಂಬುದನ್ನು ಅಕ್ಷರರೂಪದಲ್ಲಿ ಕೊಡುವ ಆಜ್ಞೆಯೂ ಇದೆ. ಇವೆಲ್ಲ ಅನುಭವಿಗಳ ಬೆರಳ ತುದಿಯಲ್ಲಿವೆ, ಆದರೆ ಅನೇಕ ಕಡೆ ಕಾಗದದಲ್ಲಿಲ್ಲ.

ಇಂತಹ ಬರವಣಿಗೆಗೆ ಈಗ ಒಂದು ಪದ್ಧತಿಯೂ ಬಂದಿದೆ. ಸಲಕರಣೆಗಳನ್ನು ಎಐಗೆ ಜೋಡಿಸುವ ಎಂಸಿಪಿ ಎಂಬ ನಿಯಮಾವಳಿಯನ್ನು ಆಂಥ್ರೋಪಿಕ್ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿತು. ಏಜೆಂಟ್‌ಗಳಿಗೆಂದೇ ಸೂಚನೆ ಬರೆದಿಡುವ 'ಏಜೆಂಟ್ಸ್ ಡಾಟ್ ಎಂಡಿ' ಕಡತದ ರೂಢಿ 2025ರಲ್ಲಿ ಹರಡಿತು.

ನಮ್ಮ ಶಾಖೆಯ ನೋಟ್‌ಬುಕ್

ಇದನ್ನು ಕೇಳುತ್ತಿದ್ದಂತೆ ನನಗೆ ತೊಂಬತ್ತರ ದಶಕ ನೆನಪಾಯಿತು. ಬ್ಯಾಂಕುಗಳ ಯಂತ್ರೀಕರಣದ ಬಗ್ಗೆ 1983ರಲ್ಲೇ ನೌಕರರ ಸಂಘಟನೆಗಳೊಂದಿಗೆ ಒಪ್ಪಂದವಾಗಿತ್ತು. ಆದರೂ ಲೆಡ್ಜರ್ ಪೋಸ್ಟಿಂಗ್ ಯಂತ್ರ ಶಾಖೆಗೆ ಬಂದಾಗ ಎಲ್ಲರಿಗೂ ಭಯವೇ. ದಿನದ ಲೆಕ್ಕ ಮುಗಿಸುವ ಕ್ರಮ ಗೊತ್ತಿದ್ದುದು ಒಬ್ಬ ಹಿರಿಯರಿಗೆ ಮಾತ್ರ. ಅವರು ರಜೆ ಹಾಕಿದ ದಿನ ನಾವು ರಾತ್ರಿ ಹತ್ತರವರೆಗೆ ಕುಳಿತು, ಕೊನೆಗೂ ಲೆಕ್ಕ ಮುಗಿಯದೆ, ಲೋಕಲ್ ಹಿಡಿದು ಮನೆ ಸೇರಿದ್ದೆವು. ಮರುದಿನ ಅವರು ಬಂದವರೇ ಒಂದು ನೋಟ್‌ಬುಕ್ ತೆಗೆದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟರು. ಮೊದಲ ಪುಟದಲ್ಲೇ 'ಇದನ್ನು ಎಂದೂ ಮಾಡಬಾರದು' ಎಂಬ ಪಟ್ಟಿ ಇತ್ತು. ಅವರು ನಿವೃತ್ತರಾದ ಮೇಲೂ ಆ ಪುಸ್ತಕ ವರ್ಷಗಟ್ಟಲೆ ನಮ್ಮನ್ನು ಕಾಪಾಡಿತು ಎಂದರೆ ಅತಿಶಯೋಕ್ತಿಯಲ್ಲ.

ಮಾಡಬಾರದ್ದರ ಪಟ್ಟಿ

ಯುವಕನ ಬರವಣಿಗೆಯಲ್ಲೂ ಅಂತಹ ಪಟ್ಟಿಯಿದೆ. 'ಪಿಎಂ ಕ್ಲಿಯರ್' ಎಂಬ ಆಜ್ಞೆ ಆ್ಯಪಿನೊಳಗೆ ಉಳಿಸಿಟ್ಟದ್ದನ್ನೆಲ್ಲ ಅಳಿಸಿಬಿಡುತ್ತದೆ. ಪರೀಕ್ಷೆಗಿಟ್ಟ ಫೋನಿನಲ್ಲಿ ಅದು ಉಪಯುಕ್ತ, ಯಾರೋ ನಿತ್ಯ ಬಳಸುವ ಫೋನಿನಲ್ಲಿ ಅನಾಹುತ. ಹಾಗೆಯೇ, ಅಜಾಗರೂಕವಾಗಿ ತಯಾರಿಸಿದ ಆ್ಯಪ್ ಡೇ ಬುಕ್ಕಿನಲ್ಲಿ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನೂ ಬರೆದಿಡಬಹುದು. 2012ರ ಆಂಡ್ರಾಯ್ಡ್ 4.1ರಿಂದ ಸಾಮಾನ್ಯ ಆ್ಯಪ್‌ಗಳು ಇತರ ಆ್ಯಪ್‌ಗಳ ಲಾಗ್ ಓದುವಂತಿಲ್ಲ. ಆದರೆ ಫೋನಿನ ಒಡೆಯರು ಡಿಬಗ್ಗಿಂಗಿಗೆ ಅನುಮತಿ ಕೊಟ್ಟ ಕಂಪ್ಯೂಟರಿಗೆ ಅದು ಕಾಣುತ್ತದೆ. ಆದ್ದರಿಂದ 'ಪರೀಕ್ಷೆಯ ಫೋನ್ ಮಾತ್ರ, ಗ್ರಾಹಕರದ್ದು ಬೇಡ' ಎಂದು ಅವನು ಮೊದಲ ಸಾಲಿನಲ್ಲೇ ಬರೆದಿದ್ದಾನೆ. ಬರೆದ ಮಾತ್ರಕ್ಕೆ ಏಜೆಂಟ್ ಪಾಲಿಸುತ್ತದೆಂಬ ಖಾತ್ರಿ ಇಲ್ಲ. ಅಪಾಯದ ಆಜ್ಞೆಗೆ ಮನುಷ್ಯನ ಒಪ್ಪಿಗೆ ಕೇಳುವ ಏರ್ಪಾಡೂ ಬೇಕು ಎನ್ನುತ್ತಾನೆ.

ಚಹಾ ತಂದ ಅವನ ತಾಯಿ, "ಎಲ್ಲ ಯಂತ್ರಕ್ಕೆ ಬರೆದುಕೊಟ್ಟರೆ ನಾಳೆ ನಿನ್ನ ಕೆಲಸದ ಗತಿ ಏನು ಮಗಾ?" ಎಂದು ಕೇಳಿಯೇಬಿಟ್ಟರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೇಳಲಿಕ್ಕಾಗುವುದಿಲ್ಲ ಅಮ್ಮ. ಆದರೆ ಯಾವುದನ್ನು ಮುಟ್ಟಬಾರದು ಎಂದು ಹೇಳುವವರು ಬೇಕಲ್ಲ" ಎಂದ. ಆ ಪ್ರಶ್ನೆ ಹಿಂದೆ ನಮ್ಮನ್ನೂ ಕಾಡಿತ್ತು. ಕೆಲಸ ಬದಲಾಯಿತು, ಕೆಲವು ಹುದ್ದೆಗಳು ಇಲ್ಲವಾದವು. ಆದರೆ ಲೆಕ್ಕ ತಪ್ಪಿದಾಗ ಜವಾಬ್ದಾರಿ ಹೊರುವವನ ಕುರ್ಚಿ ಖಾಲಿಯಾಗಲಿಲ್ಲ.

ಕೊನೆಯದಾಗಿ ನಮ್ಮ ಹಿರಿಯ ಸದಸ್ಯರಿಗೆ ಒಂದು ಮಾತು. ಈ ಸಲಕರಣೆಗಳು ತಂತ್ರಜ್ಞರಿಗಾಗಿ ಇರುವಂಥವು. ಅಪರಿಚಿತರು ಕರೆ ಮಾಡಿ 'ಆ್ಯಪ್ ಸರಿಮಾಡುತ್ತೇವೆ, ಡೆವಲಪರ್ ಆಯ್ಕೆ ತೆರೆಯಿರಿ, ಪರದೆ ಹಂಚಿಕೊಳ್ಳಿ, ಈ ಎಪಿಕೆ ಕಡತ ಹಾಕಿಕೊಳ್ಳಿ' ಎಂದರೆ ಖಂಡಿತ ಒಪ್ಪಬೇಡಿ. ಮೋಸವಾಗಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಈ ಸಂಖ್ಯೆಯನ್ನು ಇಂದೇ ದೊಡ್ಡಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಡಿ.