ಉಪ್ಪುನೀರಿನ ತೊಟ್ಟಿಯಲ್ಲಿ ಮೀನಿನ ಮೇವು

ಕುಂದಾಪುರದ ಮೂಡಲಲ್ಲಿ ವಾರಾಹೀ ನದಿಯ ದಡದಲ್ಲಿರುವ ಬಸ್ರೂರು ಪೂರ್ವಕಾಲದಲ್ಲಿ ಅಕ್ಕಿಯ ರಫ್ತಿಗೆ ಹೆಸರಾದ ರೇವುಪಟ್ಟಣವಾಗಿದ್ದಿತು. ಇಂದು ಅಲ್ಲಿಗೆ ಹಡಗುಗಳು ಬರುವುದಿಲ್ಲ. ಆದರೆ ಗಂಗೊಳ್ಳಿಯ ಅಳಿವೆಯಿಂದ ಭರತದ ಉಪ್ಪುನೀರು ನದಿಯ ಕೆಳಹರವನ್ನೇರಿ ಬರುವುದು ನಿಂತಿಲ್ಲ. ಆ ನೀರಿನ ಕಲ್ಲುಗಳಿಗೆ ಹಸುರು ಹಾವಸೆಯು ಅಂಟಿ ಬೆಳೆಯುವುದನ್ನು ಎಲ್ಲರೂ ಕಂಡಿರಬಹುದು. ಇದನ್ನು ಕೊಳೆಯೆಂದು ಕಿತ್ತೆಸೆಯುವವರೇ ಹೆಚ್ಚು. ಮೀನು ಸಾಕುವವನಿಗಾದರೋ ಇದು ಬೆಲೆಯಿಲ್ಲದೆ ದೊರೆಯುವ ಮೇವು.

ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯ ದೇಶಗಳ ರೈತರು ಬಹುಕಾಲದಿಂದ ಉಪ್ಪುನೀರಿನ ಕೊಳಗಳಲ್ಲಿ ಮೊದಲು ಪಾಚಿಯನ್ನು ಬೆಳೆಯಿಸಿ, ಅನಂತರ ಹೂಮೀನಿನ ಮರಿಗಳನ್ನು ಬಿಡುತ್ತ ಬಂದಿರುವರು. ಇದೇ ತತ್ತ್ವವನ್ನು ಮನೆಯಂಗಳದ ಸಣ್ಣ ತೊಟ್ಟಿಯಲ್ಲಿಯೂ ಅನುಸರಿಸಬಹುದು. ಹೂಮೀನು, ಕರಿಮೀನು ಮೊದಲಾದವು ಹಾವಸೆಯನ್ನು ತಿನ್ನುವ ಜಾತಿಗಳು. ಕುರುಡಿಯಂತಹ ಮಾಂಸಾಹಾರಿಗಳಿಗೆ ಇದು ಒಗ್ಗದು.

ಇದರಿಂದ ಎರಡನೆಯ ಲಾಭವೂ ಉಂಟು. ಮೀನು ಕಿವಿರಿನ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಅದು ನೀರಿನಲ್ಲಿ ಹೆಚ್ಚಿದರೆ ಒಂದೇ ರಾತ್ರಿಯಲ್ಲಿ ಇಡೀ ತೊಟ್ಟಿಯ ಮೀನು ಸತ್ತುಹೋಗಬಹುದು. ಹಾವಸೆಯು ಅಮೋನಿಯವನ್ನೂ, ಅದರಿಂದುಂಟಾಗುವ ನೈಟ್ರೇಟನ್ನೂ ಹೀರಿ ಬೆಳೆಯುವುದು. ಹೊಲಕ್ಕೆ ಗೊಬ್ಬರವು ಹೇಗೋ ಹಾಗೆಯೇ ಇದು.

ಬೆಳೆಯುವ ಕ್ರಮ: ಉಲ್ವಾ, ಕೀಟೊಮಾರ್ಫಾ, ಗ್ರಾಸಿಲೇರಿಯಾ ಎಂಬ ಜಾತಿಗಳು ಇದಕ್ಕೆ ಯೋಗ್ಯವಾದುವು. ಚರಂಡಿ ಹಾಗೂ ದೋಣಿಗಳ ಎಣ್ಣೆ ಸೋಂಕದ ಸ್ಥಳದಿಂದ ಬೀಜದ ಹಾವಸೆಯನ್ನು ತಂದು, ಉಪ್ಪುನೀರಿನಲ್ಲಿ ಜಾಲಿಸಿ, ಏಡಿಮರಿ ಮತ್ತು ಬಸವನಹುಳುಗಳನ್ನು ಆರಿಸಿ ತೆಗೆಯತಕ್ಕದ್ದು. ಮೀನಿನ ತೊಟ್ಟಿಯಲ್ಲಿಯೇ ಬಿಟ್ಟರೆ ಬೆಳೆಯುವ ಮೊದಲೇ ಮೀನುಗಳು ಮುಗಿಸಿಬಿಡುತ್ತವೆ. ಆದುದರಿಂದ ಬೇರೊಂದು ತೊಟ್ಟಿಯನ್ನಿಟ್ಟು, ಸಣ್ಣ ಪಂಪಿನಿಂದ ಎರಡರ ನೀರನ್ನೂ ಸುತ್ತಾಡಿಸಬೇಕು. ಮೀನಿನ ತೊಟ್ಟಿ ೫೦೦ ಲೀಟರಿನದಾದರೆ ಹಾವಸೆಗೆ ೧೦೦ ಲೀಟರಿನದು ಸಾಕು. ದಿನಕ್ಕೆ ೧೦ರಿಂದ ೧೨ ಗಂಟೆ ಬೆಳಕು ಬೇಕು; ನಡುಹಗಲಿನ ಬಿಸಿಲಿಗೆ ಮಾತ್ರ ನೆರಳು ಮಾಡತಕ್ಕದ್ದು. ಆವಿಯಾದ ನೀರಿನ ಬದಲಿಗೆ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಉಪ್ಪು ಆವಿಯಾಗದೆ ತೊಟ್ಟಿಯಲ್ಲಿಯೇ ಉಳಿಯುವುದು. ಬೆಳೆಯು ಚೆನ್ನಾಗಿ ತುಂಬಿದ ಮೇಲೆ ಮೂರರಲ್ಲಿ ಒಂದು ಪಾಲನ್ನು ಮಾತ್ರ ಕೊಯ್ದು, ಉಳಿದುದನ್ನು ಮುಂದಿನ ಬೆಳೆಗೆ ಬಿಡಬೇಕು.

ಎಚ್ಚರಿಕೆಗಳು: ರಾತ್ರಿಯಲ್ಲಿ ಹಾವಸೆಯೂ ಮೀನಿನಂತೆಯೇ ಪ್ರಾಣವಾಯುವನ್ನು ಬಳಸುವುದರಿಂದ ಗಾಳಿಯೂದುವ ಯಂತ್ರವನ್ನು ಆಗ ನಿಲ್ಲಿಸಲೇಕೂಡದು. ತಾಮ್ರದ ಪಾತ್ರೆಯನ್ನಾಗಲಿ, ತಾಮ್ರ ಬೆರೆತ ಔಷಧವನ್ನಾಗಲಿ ಬಳಸಕೂಡದು. ತಾಮ್ರವು ಹಾವಸೆಗೆ ವಿಷ. ಹಾವಸೆಯು ಬಿಳುಪೇರಿ ಕರಗತೊಡಗಿದರೆ ಕೂಡಲೇ ತೆಗೆದುಹಾಕಬೇಕು. ಇಲ್ಲವಾದರೆ ಹೀರಿದ ಕೊಳೆಯೆಲ್ಲ ಮರಳಿ ನೀರಿಗೆ ಸೇರುವುದು. ಹಸಿ ಹಾವಸೆಯಲ್ಲಿ ಬಹುಪಾಲು ನೀರೇ ಆದುದರಿಂದ ಅದೊಂದನ್ನೇ ನಂಬದೆ, ಹಿಂಡಿ ಮತ್ತು ತೌಡುಗಳನ್ನೂ ಮಿತವಾಗಿ ಕೊಡತಕ್ಕದ್ದು.

ಮಳೆಗಾಲದಲ್ಲಿ ನೆರೆಯು ಬಂದಾಗ ನದಿಯ ನೀರು ಸಿಹಿಯಾಗಿ, ಉಪ್ಪುನೀರಾಗಲಿ ಬೀಜವಾಗಲಿ ಸಿಕ್ಕುವುದು ಕಷ್ಟ. ಆದಕಾರಣ ಮೇ ತಿಂಗಳು ಮುಗಿಯುವುದರೊಳಗೆ ಎರಡನ್ನೂ ಸಂಗ್ರಹಿಸಿಕೊಂಡು, ತೊಟ್ಟಿಗೆ ಮಳೆನೀರು ಬೀಳದಂತೆ ಮಾಡು ಹಾಕಿಕೊಳ್ಳುವುದು ಲೇಸು. ಗದ್ದೆಯ ಬಿತ್ತನೆಗೆ ಭತ್ತವನ್ನು ತೆಗೆದಿಡುವ ರೈತನಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.