ನಿಮಗಿದು ಗೊತ್ತೆ? ಕೊಳಚೆಯೇ ಗೊಬ್ಬರ!

ಊರಿಗೆ ಬೇಡವಾದ ಕೊಳಚೆ ಹುಬ್ಬಳ್ಳಿ ಪಕ್ಕದ ಬಿಡನಾಳದಲ್ಲಿ ತರಕಾರಿ ಬೆಳೆದಿದೆ! ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟರೂ ನಗರದ ನಾಲಾ ಬತ್ತುವುದಿಲ್ಲ. ರೈತರು ಅದಕ್ಕೇ ಪಂಪ್ ಇಟ್ಟರು. ಸಾರಜನಕ, ರಂಜಕ ನೀರಲ್ಲೇ ಇರುವುದರಿಂದ ಗೊಬ್ಬರದ ಖರ್ಚು ಕಡಿಮೆ. ಆದರೆ ಕಳೆ, ಕೀಟದ ಕಾಟ ಜಾಸ್ತಿ. ಬರಿಗಾಲಲ್ಲಿ ಕೆಸರಿಗಿಳಿದವರಿಗೆ ಜಂತುಹುಳುವಿನ ಭಯ ಬೇರೆ.

ಷಿಕಾಗೊ ನಗರದ್ದು ಇನ್ನೂ ದೊಡ್ಡ ಸಾಹಸ. 1970ರ ದಶಕದಲ್ಲಿ ಅದು ತನ್ನ ಕೊಳಚೆಯ ಕೆಸರನ್ನು ನದಿಯ ಮೇಲೆ ಸುಮಾರು 300 ಕಿ.ಮೀ. ಸಾಗಿಸಿತು. ಕಲ್ಲಿದ್ದಲು ಅಗೆದು ಬರಡಾಗಿದ್ದ ಫುಲ್ಟನ್ ಕೌಂಟಿಯ ನೆಲಕ್ಕೆ ಉಣಿಸಿತು. ಅಲ್ಲಿ ಮೆಕ್ಕೆಜೋಳ ಬೆಳೆಯಿತು!

ಇನ್ನೊಂದು ತೊಡಕು: ಕೊಳಚೆಗೆ ಕಾರ್ಖಾನೆ ನೀರು ಬೆರೆತರೆ ಕ್ಯಾಡ್ಮಿಯಂ, ಸೀಸ ಮಣ್ಣಲ್ಲೇ ಉಳಿಯುತ್ತವೆ. ಬರೀ ನೀರಲ್ಲಿ ತೊಳೆದರೆ ಹೋಗುವುದಿಲ್ಲ.